ಕಣಜದ ಮನೆಗೆ ಎರಡನೆಯ ಬೆಕ್ಕನ್ನು ಸೇರಿಸುವ ಕ್ರಮ

ಬೆಳೆಯನ್ನು ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದುದನ್ನು ಮುಂದಿನ ಸುಗ್ಗಿಯವರೆಗೆ ಕೆಡದಂತೆ ಕಾಪಾಡಿಕೊಳ್ಳುವುದೂ ಅಷ್ಟೇ ಮುಖ್ಯವೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಕಣದಿಂದ ಬಂದ ರಾಗಿ, ಭತ್ತ, ಜೋಳ, ಕಡಲೆಕಾಯಿಗಳು ಕಣಜವನ್ನು ಸೇರಿದ ದಿನದಿಂದಲೇ ಇಲಿಗಳ ಕಾಟವು ಪ್ರಾರಂಭವಾಗುವುದು. ಇಲಿಯು ತಿಂದು ನಷ್ಟಪಡಿಸುವುದಲ್ಲದೆ, ತನ್ನ ಹಿಕ್ಕೆ ಮೂತ್ರಗಳಿಂದ ಉಳಿದ ಧಾನ್ಯವನ್ನೂ ಹೊಲಸುಮಾಡುವುದು, ಗೋಣಿಚೀಲಗಳನ್ನು ಕಡಿದುಹಾಕುವುದು, ಇಲಿಜ್ವರದಂತಹ ರೋಗಗಳನ್ನು ಹರಡುವುದು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಾಗ ಜನರು ಪಟ್ಟ ಪಾಡನ್ನು ಹಿರಿಯರ ಬಾಯಿಂದ ಕೇಳಿದವರಿಗೆ ಈ ಪ್ರಾಣಿಯ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಹೆಣ್ಣಿಲಿಯು ಸುಮಾರು ಮೂರು ವಾರಗಳಲ್ಲಿ ಮರಿಹಾಕುವುದು. ಆ ಮರಿಗಳು ಸುಮಾರು ಮೂರು ತಿಂಗಳಲ್ಲಿ ತಾವೇ ಮರಿಹಾಕುವ ಸ್ಥಿತಿಗೆ ಬರುವುವು. ಆದುದರಿಂದ ಕಣಜಕ್ಕೆ ಕಾವಲು ತಪ್ಪಿದ ಒಂದೆರಡು ತಿಂಗಳೂ ಅಲ್ಪಕಾಲವಲ್ಲ.

ಈ ಕಾವಲಿಗಾಗಿಯೇ ನಮ್ಮ ಹಳ್ಳಿಯ ಮನೆಗಳಲ್ಲಿ ಬೆಕ್ಕನ್ನು ಸಾಕುವ ವಾಡಿಕೆಯುಂಟು. ಮನೆ, ಕೊಟ್ಟಿಗೆ, ಹುಲ್ಲಿನ ಮೆದೆ, ಕಣಜ ಇವೆಲ್ಲವೂ ಸೇರಿ ವಿಸ್ತಾರವಾಗಿದ್ದರೆ, ಅಥವಾ ಇರುವ ಬೆಕ್ಕಿಗೆ ವಯಸ್ಸಾಗಿದ್ದರೆ, ಯಜಮಾನನು ಇನ್ನೊಂದು ಬೆಕ್ಕನ್ನು ತರಲು ಯೋಚಿಸುವನು. ಬೇರೆ ಊರಿನಿಂದಲೋ ನೆಂಟರ ಮನೆಯಿಂದಲೋ ಅದನ್ನು ಗೋಣಿಚೀಲದಲ್ಲಿ ಕಟ್ಟಿ ತಂದು, ಪಡಸಾಲೆಯ ನಡುವೆ ಚೀಲದ ಬಾಯಿ ಬಿಚ್ಚುವುದು ಸಾಮಾನ್ಯವಾದ ಪದ್ಧತಿ. ಆ ಕ್ಷಣದಲ್ಲಿಯೇ ಹಳೆಯ ಬೆಕ್ಕು ಮೈಮೇಲೆ ಬೀಳುವುದು; ಹೊಸದು ಅಟ್ಟವನ್ನು ಹತ್ತುವುದು. ಎರಡು ಮೂರು ದಿನಗಳಲ್ಲಿ ಹೊಸ ಬೆಕ್ಕು ಕಾಣೆಯಾಗುವುದು. ಕೆಲವು ವೇಳೆ ಹಲವು ವರ್ಷ ಮನೆಯನ್ನು ಕಾದ ಹಳೆಯ ಬೆಕ್ಕೇ ಮನೆಯನ್ನು ಬಿಟ್ಟು ಹೋಗುವುದು. ಎರಡನ್ನು ಬಯಸಿದವನಿಗೆ ಒಂದೂ ಉಳಿಯದೆ ಹೋದ ನಿದರ್ಶನಗಳೂ ಉಂಟು. ಆಗ ಜನರು ‘ಬೆಕ್ಕಿನ ಜಾತಿಯೇ ಹಾಗೆ’ ಎಂದು ಸಮಾಧಾನ ಹೇಳಿಕೊಳ್ಳುವರು. ದೋಷವಿರುವುದು ಬೆಕ್ಕಿನ ಜಾತಿಯಲ್ಲಲ್ಲ; ಅದನ್ನು ಮನೆಗೆ ಸೇರಿಸಿದ ಕ್ರಮದಲ್ಲಿ. ಆ ಕ್ರಮವನ್ನು ವಿವರಿಸುವುದೇ ಈ ಪಾಠದ ಉದ್ದೇಶ.

ಬೆಕ್ಕಿನ ಸ್ವಭಾವ

ಸಾಕುಬೆಕ್ಕಿನ ಮೂಲಪುರುಷನು ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಒಣಪ್ರದೇಶಗಳಲ್ಲಿ ವಾಸಿಸುವ ಒಂದು ಕಾಡುಬೆಕ್ಕು. ಮನುಷ್ಯನು ವ್ಯವಸಾಯವನ್ನು ಕಲಿತು ಧಾನ್ಯವನ್ನು ಕೂಡಿಡಲು ತೊಡಗಿದಾಗ, ಆ ಧಾನ್ಯಕ್ಕಾಗಿ ಇಲಿಗಳು ಬಂದುವು. ಇಲಿಗಳಿಗಾಗಿ ಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳಷ್ಟು ಹಳೆಯದಾದ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಿದ ಬೆಕ್ಕಿನ ಎಲುಬುಗಳು ದೊರೆತ ಸಂಗತಿಯನ್ನು ವಿದ್ವಾಂಸರು ೨೦೦೪ರಲ್ಲಿ ಪ್ರಕಟಿಸಿದರು. ಹೀಗೆ ಬೆಕ್ಕು ರೈತನಿಗೆ ಬಹು ಹಳೆಯ ಜೊತೆಗಾರ.

ಆದರೆ ಹಸುವಿಗೂ ನಾಯಿಗೂ ಇರುವ ಒಂದು ಗುಣವು ಬೆಕ್ಕಿಗೆ ಇಲ್ಲ. ಹಸು ಮಂದೆಯ ಪ್ರಾಣಿ. ನಾಯಿ ಗುಂಪಿನ ಪ್ರಾಣಿ. ಹೊಸ ಹಸುವನ್ನು ಕೊಟ್ಟಿಗೆಯಲ್ಲಿ ಕಟ್ಟಿದರೆ ಒಂದೆರಡು ದಿನ ಹಾಯ್ದಾಡಿ, ತನ್ನ ಸ್ಥಾನವನ್ನು ಅರಿತು, ಮಂದೆಯಲ್ಲಿ ಬೆರೆಯುವುದು. ಬೆಕ್ಕಾದರೋ ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಒಂದೇ ತಾಯಿಯ ಮಕ್ಕಳೂ, ತಾಯಿ ಮಗಳೂ ಕೂಡಿ ಬಾಳುವುದುಂಟು. ಪರಕೀಯ ಬೆಕ್ಕು ಮಾತ್ರ ಅದರ ಪಾಲಿಗೆ ಆಕ್ರಮಣಕಾರನೇ ಸರಿ.

ಬೆಕ್ಕು ತನ್ನವರನ್ನು ಮುಖ್ಯವಾಗಿ ಗುರುತಿಸುವುದು ವಾಸನೆಯಿಂದ. ಅದು ಕಂಬಕ್ಕೂ, ಬಾಗಿಲ ಚೌಕಟ್ಟಿಗೂ, ಯಜಮಾನನ ಕಾಲಿಗೂ ಕೆನ್ನೆಯನ್ನು ಉಜ್ಜುವುದನ್ನು ಎಲ್ಲರೂ ನೋಡಿರುವರು. ಇದು ಬರಿಯ ಮುದ್ದಲ್ಲ. ಅದರ ಕೆನ್ನೆ, ಗಲ್ಲ, ಪಾದಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಉಜ್ಜಿದಲ್ಲೆಲ್ಲ ನಮಗೆ ತಿಳಿಯದ ಒಂದು ಗುರುತು ಉಳಿಯುವುದು. ಜಮೀನಿನ ಮೂಲೆಯಲ್ಲಿ ನೆಟ್ಟ ಬಾಂದುಕಲ್ಲು ನಮಗೆ ಹೇಗೋ, ಕಂಬದ ಮೇಲಿನ ಆ ವಾಸನೆ ಬೆಕ್ಕಿಗೆ ಹಾಗೆ. ಯಾರೋ ಅಪರಿಚಿತನು ಒಂದು ಬೆಳಗ್ಗೆ ಹೇಳದೆ ಕೇಳದೆ ನಮ್ಮ ಬಾಂದಿನೊಳಗೆ ನೇಗಿಲು ಕಟ್ಟಿ ನಿಂತರೆ ನಮಗೆ ಉಂಟಾಗುವ ಕೋಪವೇ ಚೀಲದಿಂದ ಹಾರಿದ ಹೊಸ ಬೆಕ್ಕನ್ನು ಕಂಡ ಹಳೆಯ ಬೆಕ್ಕಿಗೂ ಉಂಟಾಗುವುದು. ಆದುದರಿಂದ ಈ ವಿಷಯದಲ್ಲಿ ನೆನಪಿಡತಕ್ಕ ಮುಖ್ಯ ಸೂತ್ರವು ಒಂದೇ: ಹೊಸ ಬೆಕ್ಕಿನ ವಾಸನೆ ಮೊದಲು ಮನೆಯನ್ನು ಹೊಗಲಿ, ಅದರ ಮೈ ಅನಂತರ ಹೊಗಲಿ.

ಎರಡನೆಯ ಬೆಕ್ಕು ಅವಶ್ಯವೇ?

ತರುವುದಕ್ಕೆ ಮುಂಚೆ ಇದನ್ನು ಯೋಚಿಸಬೇಕು. ಬೆಕ್ಕು ಸುಂಡಿಲಿಗಳನ್ನೂ ಎಳೆಯ ಇಲಿಗಳನ್ನೂ ಚೆನ್ನಾಗಿ ಹಿಡಿಯುವುದು. ಬಲಿತ ದೊಡ್ಡ ಇಲಿಗಳನ್ನೂ ಹೆಗ್ಗಣಗಳನ್ನೂ ಎದುರಿಸಲು ಸಾಮಾನ್ಯವಾಗಿ ಹಿಂಜರಿಯುವುದು. ಅಮೆರಿಕದ ನ್ಯೂಯಾರ್ಕ್ ನಗರದ ಒಂದು ಕಾರ್ಖಾನೆಯಲ್ಲಿ ಕ್ಯಾಮರಾಗಳನ್ನಿಟ್ಟು ೭೯ ದಿನಗಳು ಪರೀಕ್ಷಿಸಿ ೨೦೧೮ರಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿಯ ಬೀದಿಬೆಕ್ಕುಗಳು ಕೊಂದ ದೊಡ್ಡ ಇಲಿಗಳು ಎರಡೇ. ಇದಕ್ಕೆ ಬೆಕ್ಕು ನಿಷ್ಪ್ರಯೋಜಕವೆಂದು ಅರ್ಥವಲ್ಲ. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಎಲ್ಟನ್ ಅವರು ರೈತರ ಮನೆಗಳಲ್ಲಿ ಪರೀಕ್ಷಿಸಿ ೧೯೫೩ರಲ್ಲಿ ಪ್ರಕಟಿಸಿದ ಲೇಖನದಿಂದ ತಿಳಿಯುವುದೇನೆಂದರೆ, ಮೊದಲು ಬೇರೆ ಉಪಾಯಗಳಿಂದ ಇಲಿಗಳನ್ನು ನಿರ್ಮೂಲಮಾಡಿದ ಕಟ್ಟಡಗಳಿಗೆ ಮತ್ತೆ ಇಲಿಗಳು ಬಂದು ಸೇರದಂತೆ ಬೆಕ್ಕುಗಳು ತಡೆಯಬಲ್ಲುವು. ಹಾಗೆ ತಡೆಯಬೇಕಾದರೆ ಅವು ಮನೆಯ ಹತ್ತಿರವೇ ಇರುವಂತೆ ಅವುಗಳಿಗೆ ದಿನವೂ ಆಹಾರವನ್ನು ಕೊಡಬೇಕು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುವುವು. ಮೊದಲನೆಯದಾಗಿ, ಬಿಲಗಳನ್ನು ಮುಚ್ಚಿ, ಅರ್ಧ ಅಂಗುಲಕ್ಕೆ ಮೀರಿದ ಕಂಡಿಗಳಿಗೆ ಗಾರೆಯನ್ನೋ ತಗಡನ್ನೋ ಹಾಕಿ, ಬೋನುಗಳನ್ನಿಟ್ಟು ಇಲಿಗಳನ್ನು ಕಡಮೆಮಾಡಿದ ಮೇಲೆಯೇ ಬೆಕ್ಕಿನ ಕಾವಲು ಸಾರ್ಥಕವಾಗುವುದು. ಎರಡನೆಯದಾಗಿ, ‘ಹಸಿದ ಬೆಕ್ಕು ಹೆಚ್ಚು ಇಲಿ ಹಿಡಿಯುವುದು’ ಎಂಬ ನಂಬಿಕೆಯು ತಪ್ಪು. ಹಸಿದ ಬೆಕ್ಕು ಊರೂರು ಅಲೆಯುವುದು. ಹೊಟ್ಟೆ ತುಂಬಿದ ಬೆಕ್ಕು ಮನೆಯಲ್ಲಿ ನಿಲ್ಲುವುದು. ಬೇಟೆಯಾಡುವ ಇಚ್ಛೆಗೆ ಹಸಿವೊಂದೇ ಕಾರಣವಲ್ಲ. ಅಲ್ಲದೆ ಹಸಿವೆಯಿರುವ ಮನೆಯಲ್ಲಿ ಎರಡು ಬೆಕ್ಕುಗಳು ಎಂದಿಗೂ ಒಂದಾಗಲಾರವು.

ಮರಿಯನ್ನು ಆರಿಸುವುದು

ಬಲಿತ ಬೆಕ್ಕಿಗಿಂತ ಮರಿಯನ್ನು ಹಳೆಯ ಬೆಕ್ಕು ಸುಲಭವಾಗಿ ಸಹಿಸುವುದು. ಮರಿಗೆ ಕಡಮೆಯೆಂದರೆ ಎಂಟು ವಾರಗಳಾದರೂ ತುಂಬಿರಬೇಕು. ಇನ್ನೂ ಕೆಲವು ವಾರ ತಾಯಿಯ ಬಳಿ ಇದ್ದರೆ ಮತ್ತೂ ಉತ್ತಮ. ತಾಯಿಬೆಕ್ಕು ಅರೆಜೀವದ ಸುಂಡಿಲಿಯನ್ನು ಮರಿಗಳ ಮುಂದೆ ತಂದುಹಾಕಿ ಬೇಟೆಯನ್ನು ಕಲಿಸುವುದಾದ್ದರಿಂದ, ಚೆನ್ನಾಗಿ ಇಲಿ ಹಿಡಿಯುವ ತಾಯಿಯ ಮರಿಯನ್ನೇ ಆರಿಸತಕ್ಕದ್ದು. ಎರಡರಿಂದ ಏಳು ವಾರಗಳ ವಯಸ್ಸಿನಲ್ಲಿ ಮನುಷ್ಯರ ಕೈಯಲ್ಲಿ ಆಡಿದ ಮರಿಯು ಮುಂದೆಯೂ ಮನುಷ್ಯರಿಗೆ ಅಂಜದೆ ಇರುವುದು.

ಬಲಿತ ಗಂಡು ಬೆಕ್ಕುಗಳೆರಡನ್ನು ಬೀಜ ತೆಗೆಸದೆ ಒಂದೇ ಮನೆಯಲ್ಲಿಡಲು ಪ್ರಯತ್ನಿಸುವುದು ವ್ಯರ್ಥ. ಹೊಸದನ್ನು ತರುವ ಮೊದಲೇ ಹಳೆಯದಕ್ಕೆ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಿ, ಕೆಲವು ವಾರ ಕಾಯಬೇಕು. ಏಕೆಂದರೆ ಗಂಡು ಬೆಕ್ಕಿನ ಕಾದಾಡುವ ಮತ್ತು ಮೂತ್ರ ಸಿಂಪಡಿಸುವ ಸ್ವಭಾವವು ಶಸ್ತ್ರಚಿಕಿತ್ಸೆಯ ಮರುದಿನವೇ ಹೋಗದೆ ಕ್ರಮೇಣ ತಗ್ಗುವುದು. ಹೆಣ್ಣು ಮರಿಯು ನಾಲ್ಕಾರು ತಿಂಗಳಲ್ಲಿಯೇ ಗಬ್ಬವಾಗಬಹುದು. ಸುಮಾರು ಒಂಬತ್ತು ವಾರಗಳಲ್ಲಿ ಮರಿಹಾಕುವುದು. ಎರಡು ಬೆಕ್ಕುಗಳನ್ನು ಬಯಸಿದ ಮನೆಯಲ್ಲಿ ವರ್ಷದೊಳಗೆ ಹತ್ತು ಆಗದಿರಬೇಕಾದರೆ ಈ ಎಚ್ಚರಿಕೆಯು ಅವಶ್ಯ.

ಮೊದಲನೆಯ ಘಟ್ಟ: ಬೇರೆ ಕೋಣೆ

ಹೊಸ ಬೆಕ್ಕನ್ನು ಗಾಳಿಯಾಡುವ ಬುಟ್ಟಿಯಲ್ಲಿಯೋ ಪಂಜರದಲ್ಲಿಯೋ, ಅದು ಮಲಗುತ್ತಿದ್ದ ಹಳೆಯ ಬಟ್ಟೆಯ ಸಮೇತ ತರಬೇಕು. ಹಳೆಯ ಬೆಕ್ಕು ಹೊರಗೆ ಹೋಗಿರುವ ಸಮಯವನ್ನು ನೋಡಿ, ಬಾಗಿಲುಳ್ಳ ಒಂದು ಕೋಣೆಯೊಳಕ್ಕೆ ಒಯ್ದು ಬುಟ್ಟಿಯನ್ನು ತೆರೆದಿಡತಕ್ಕದ್ದು. ಈ ಕೋಣೆಯು ಹಳೆಯ ಬೆಕ್ಕಿಗೆ ಪ್ರಿಯವಾದ ಮಲಗುವ ಸ್ಥಳವಾಗಿರಬಾರದು. ಕಣಜದ ಕೋಣೆಯೂ ಆಗಿರಬಾರದು. ಒಳಗೆ ನೀರಿನ ಬಟ್ಟಲು, ಆಹಾರ, ಅಡಗಿಕೊಳ್ಳಲು ಮಗ್ಗುಲಾಗಿ ಮಲಗಿಸಿದ ಒಂದು ಪೆಟ್ಟಿಗೆ, ದೂರದ ಮೂಲೆಯಲ್ಲಿ ಮರಳನ್ನೋ ಮರದ ಹೊಟ್ಟನ್ನೋ ತುಂಬಿದ ಅಗಲವಾದ ತಟ್ಟೆ ಇವುಗಳಿರಬೇಕು.

ಮೊದಲ ದಿನ ಅದು ಪೆಟ್ಟಿಗೆಯಿಂದ ಹೊರಗೆ ಬಾರದಿದ್ದರೆ ಎಳೆದು ತೆಗೆಯಬಾರದು. ಮಕ್ಕಳನ್ನು ದೂರವಿಟ್ಟು, ಮನೆಯವರಲ್ಲಿ ಒಬ್ಬರೇ ಹೋಗಿ ಸದ್ದಿಲ್ಲದೆ ಸ್ವಲ್ಪ ಹೊತ್ತು ಕುಳಿತು ಬಂದರೆ ಸಾಕು. ಒಂದು ಇಡೀ ದಿನ ಏನನ್ನೂ ತಿನ್ನದಿದ್ದರೆ ಗಮನಿಸಬೇಕು. ಎರಡನೆಯ ದಿನವೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಉಪವಾಸವು ಬೆಕ್ಕಿನ ಯಕೃತ್ತನ್ನು ಬೇಗನೆ ಕೆಡಿಸುವುದು.

ಎರಡನೆಯ ಘಟ್ಟ: ವಾಸನೆಯ ಪರಿಚಯ

ಹೊಸ ಬೆಕ್ಕು ಧೈರ್ಯದಿಂದ ತಿಂದು ಉಂಡು ಓಡಾಡತೊಡಗಿದ ಮೇಲೆ, ಒಗೆದ ಹತ್ತಿಬಟ್ಟೆಯ ತುಂಡೊಂದರಿಂದ ಅದರ ಕೆನ್ನೆಗಳನ್ನು ಮೆಲ್ಲಗೆ ಒರೆಸಿ, ಆ ಬಟ್ಟೆಯನ್ನು ಹಳೆಯ ಬೆಕ್ಕು ಊಟಮಾಡುವ ಸ್ಥಳದಿಂದ ಎರಡು ಮೂರು ಮೊಳ ದೂರದಲ್ಲಿ ಹಾಕಬೇಕು. ಇನ್ನೊಂದು ಬಟ್ಟೆಯಿಂದ ಹಳೆಯದರ ಕೆನ್ನೆಯನ್ನು ಒರೆಸಿ ಹೊಸದರ ಕೋಣೆಯಲ್ಲಿಡಬೇಕು. ಬಟ್ಟೆಯನ್ನು ಮೂಸಿ ಬುಸುಗುಟ್ಟಿದರೆ ಗಾಬರಿಪಡಬೇಕಾದುದಿಲ್ಲ. ಮರುದಿನ ಪುನಃ ಹಾಗೆಯೇ ಮಾಡತಕ್ಕದ್ದು. ಮೂಸಿ ನೋಡಿ ಲಕ್ಷ್ಯಮಾಡದೆ ಹೋದರೆ, ಅಥವಾ ಅದರ ಮೇಲೆಯೇ ಮಲಗಿದರೆ, ಈ ಘಟ್ಟವು ಮುಗಿಯಿತೆಂದು ತಿಳಿಯಬಹುದು. ಆಗ ಹಳೆಯ ಬೆಕ್ಕನ್ನು ಹೊರಗೆ ಬಿಟ್ಟು ಹೊಸದನ್ನು ಮನೆಯೊಳಗೆ ಒಂದು ಗಳಿಗೆ ಅಡ್ಡಾಡಿಸಿ, ಅದೇ ವೇಳೆಗೆ ಹೊಸದರ ಕೋಣೆಯನ್ನು ಹಳೆಯದು ಮೂಸಿ ನೋಡುವಂತೆ ಮಾಡಿದರೆ ಪರಿಚಯವು ಇನ್ನೂ ಬಲಪಡುವುದು.

ಮೂರನೆಯ ಘಟ್ಟ: ಬಾಗಿಲ ಆಚೆ ಈಚೆ ಊಟ

ಮುಚ್ಚಿದ ಬಾಗಿಲ ಎರಡು ಪಕ್ಕಗಳಲ್ಲಿಯೂ ಒಂದೇ ವೇಳೆಯಲ್ಲಿ ಊಟವನ್ನಿಡಬೇಕು. ಮೊದಲು ಬಾಗಿಲಿನಿಂದ ದೂರದಲ್ಲಿ ಇಟ್ಟು, ದಿನಕ್ಕೆ ಒಂದು ಗೇಣಿನಷ್ಟು ಹತ್ತಿರಕ್ಕೆ ಸರಿಸುತ್ತ ಬರತಕ್ಕದ್ದು. ಪರಕೀಯ ವಾಸನೆಯೂ ರುಚಿಯಾದ ಊಟವೂ ಕೂಡಿಯೇ ಬರುವುದರಿಂದ, ಆ ವಾಸನೆಯು ಕೇಡಿನದಲ್ಲವೆಂದು ಬೆಕ್ಕು ಕಲಿಯುವುದು. ಯಾವುದಾದರೂ ಒಂದು ಊಟವನ್ನು ಬಿಟ್ಟು ಬಾಗಿಲನ್ನೇ ದುರುಗುಟ್ಟಿ ನೋಡುತ್ತಿದ್ದರೆ, ತಟ್ಟೆಯನ್ನು ನಿನ್ನೆಯ ಸ್ಥಳಕ್ಕೆ ಹಿಂದೆ ಸರಿಸಬೇಕು.

ಬಲಿತ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುವುದುಂಟು. ಆದುದರಿಂದ ಹಾಲನ್ನೇ ನಂಬಬಾರದು. ಬೆಕ್ಕು ಮಾಂಸಾಹಾರದ ಪ್ರಾಣಿಯಾದ್ದರಿಂದ ಬರಿಯ ಹಾಲನ್ನದಲ್ಲಿಯೇ ಬಹುಕಾಲ ಇರಿಸಿದರೆ ಅದರ ಕಣ್ಣೂ ಹೃದಯವೂ ಕೆಡುವುವು. ಕೋಣೆಯಲ್ಲಿ ಕೂಡಿರುವ ಬೆಕ್ಕಿಗೆ ಬೇಟೆಯೂ ಇಲ್ಲವಷ್ಟೆ. ಮೀನು ಮಾಂಸಗಳನ್ನು ಅಡುಗೆಮಾಡದ ಮನೆಯವರು ಅಷ್ಟು ದಿನಗಳಿಗೆ ಅಂಗಡಿಗಳಲ್ಲಿ ದೊರೆಯುವ ಬೆಕ್ಕಿನ ಆಹಾರವನ್ನು ತಂದಿಟ್ಟುಕೊಳ್ಳಬಹುದು.

ನಾಲ್ಕನೆಯ ಘಟ್ಟ: ಜಾಲರಿಯ ಮೂಲಕ ನೋಟ

ಬಾಗಿಲ ಬಳಿಯಲ್ಲಿಯೇ ಎರಡೂ ನೆಮ್ಮದಿಯಾಗಿ ಉಣ್ಣತೊಡಗಿದ ಮೇಲೆ, ಬಾಗಿಲ ಬದಲಿಗೆ ಕೋಳಿಗೂಡಿಗೆ ಹೊಡೆಯುವ ತಂತಿಯ ಜಾಲರಿಯನ್ನು ಒಂದು ಚೌಕಟ್ಟಿಗೆ ಹೊಡೆದು ಅಡ್ಡವಾಗಿ ನಿಲ್ಲಿಸಬೇಕು. ಮೊದಲು ಜಾಲರಿಯ ಬಹುಭಾಗವನ್ನು ಗೋಣಿತಟ್ಟಿನಿಂದ ಮುಚ್ಚಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆತ್ತಬೇಕು. ಊಟದ ವೇಳೆಯಲ್ಲಿ ಮಾತ್ರ, ಕೆಲವೇ ನಿಮಿಷ ಒಂದನ್ನೊಂದು ನೋಡಲಿ; ಉಳಿದ ವೇಳೆಯಲ್ಲಿ ಬಾಗಿಲು ಮುಚ್ಚಿರಲಿ.

ಐದನೆಯ ಘಟ್ಟ: ಮುಖಾಮುಖಿ

ಜಾಲರಿಯ ಎದುರಿನಲ್ಲಿ ಎರಡೂ ನಿಶ್ಚಿಂತೆಯಿಂದ ಉಂಡು, ಮೈ ನೆಕ್ಕಿಕೊಂಡು, ಬೆನ್ನು ತಿರುಗಿಸಿ ಹೋಗುವಂತಾದ ಮೇಲೆಯೇ ಅಡ್ಡಗಟ್ಟನ್ನು ತೆಗೆಯಬೇಕು. ಎರಡಕ್ಕೂ ಓಡಿಹೋಗಲು ದಾರಿಯಿರುವ ದೊಡ್ಡ ಪಡಸಾಲೆಯೇ ಇದಕ್ಕೆ ತಕ್ಕ ಸ್ಥಳ. ಹತ್ತು ನಿಮಿಷಗಳಿಂದ ಪ್ರಾರಂಭಿಸಿ ಕ್ರಮೇಣ ಹೆಚ್ಚಿಸುತ್ತ, ಪ್ರತಿಸಲವೂ ಜಗಳ ಹುಟ್ಟುವ ಮೊದಲೇ ಬೇರ್ಪಡಿಸತಕ್ಕದ್ದು. ಮನೆಯವರು ಯಾರಾದರೂ ಎದುರಿನಲ್ಲಿರದೆ ಅವೆರಡನ್ನೂ ಒಟ್ಟಿಗೆ ಬಿಡಬಾರದು. ರಾತ್ರಿಯಲ್ಲಂತೂ ಬೇರೆಯಾಗಿಯೇ ಇರಿಸಬೇಕು. ಊಟದ ತಟ್ಟೆಗಳೂ ನೀರಿನ ಬಟ್ಟಲುಗಳೂ ಎಂದಿಗೂ ಬೇರೆಬೇರೆಯಾಗಿಯೇ, ಒಂದಕ್ಕೊಂದು ದೂರದಲ್ಲಿಯೇ ಇರತಕ್ಕವು. ಮಲವಿಸರ್ಜನೆಯ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಾಗಿ, ಎಂದರೆ ಎರಡು ಬೆಕ್ಕುಗಳಿಗೆ ಮೂರು ಇರಬೇಕು. ಹತ್ತಿ ಕೂರಲು ಎತ್ತರದ ಹಲಗೆಗಳೂ ಎರಡಿರಲಿ.

ಈ ಐದು ಘಟ್ಟಗಳಿಗೆ ಇಷ್ಟೇ ದಿನವೆಂದು ನಿಯಮವಿಲ್ಲ. ಮರಿಯಾದರೆ ಒಂದೆರಡು ವಾರಗಳಲ್ಲಿ ಮುಗಿಯಬಹುದು. ಬಲಿತ ಬೆಕ್ಕಾದರೆ ಒಂದು ತಿಂಗಳು ಅಥವಾ ಅದಕ್ಕೂ ಹೆಚ್ಚು ಹಿಡಿಯಬಹುದು. ಆತುರಗಾರನಿಗೆ ಬುದ್ಧಿಮಟ್ಟವೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುವುದು. ಒಂದು ಘಟ್ಟವನ್ನು ಹಾರಿಸಿ ಉಳಿಸಿದ ಎರಡು ದಿನಗಳಿಗಾಗಿ ಎರಡು ತಿಂಗಳ ಶ್ರಮಪಡಬೇಕಾಗಿ ಬರುವುದು. ಮೊದಲನೆಯ ದೊಡ್ಡ ಜಗಳದ ನೆನಪನ್ನು ಬೆಕ್ಕು ಬಹುಕಾಲ ಇಟ್ಟುಕೊಂಡಿರುವುದು.

ಲಕ್ಷಣಗಳನ್ನು ತಿಳಿಯುವುದು

ಒಂದೆರಡು ಸಲ ಬುಸುಗುಟ್ಟುವುದೂ, ಉಗುರು ಚಾಚದೆ ಒಂದೇಟು ಹೊಡೆಯುವುದೂ ಸಹಜವಾದುವು. ‘ಇನ್ನೂ ಹತ್ತಿರ ಬರಬೇಡ’ ಎಂಬುದೇ ಅವುಗಳ ಅರ್ಥ. ಬಾಲವನ್ನು ನೆಟ್ಟಗೆ ಮೇಲೆತ್ತಿ ಹತ್ತಿರಕ್ಕೆ ಬರುವುದೂ, ಕಣ್ಣನ್ನು ಅರೆಮುಚ್ಚುವುದೂ, ಮೂಗಿಗೆ ಮೂಗು ತಾಗಿಸುವುದೂ ಸ್ನೇಹದ ಚಿಹ್ನೆಗಳು. ಕಿವಿಗಳನ್ನು ತಲೆಗೆ ಅಂಟಿಸಿ, ಬಾಲದ ಕೂದಲನ್ನು ನಿಮಿರಿಸಿ, ರೆಪ್ಪೆಯಾಡಿಸದೆ ದಿಟ್ಟಿಸುತ್ತ ದೀರ್ಘವಾಗಿ ಊಳಿಡುವುದು ಕಾಳಗದ ಪೂರ್ವಸೂಚನೆ. ಒಂದು ಬೆಕ್ಕು ಸದಾ ಅಡಗಿಯೇ ಇರುವುದೂ, ಬಾಗಿಲಲ್ಲಿ ಇನ್ನೊಂದು ಕುಳಿತಿದ್ದರೆ ಊಟಕ್ಕೆ ಬಾರದಿರುವುದೂ ಸದ್ದಿಲ್ಲದ ಜಗಳವೆಂದೇ ತಿಳಿಯಬೇಕು. ಅಂತಹ ಮನೆಯಲ್ಲಿ ತಟ್ಟೆಗಳ ಸ್ಥಳವನ್ನು ಬದಲಾಯಿಸಿ, ಒಂದು ಘಟ್ಟ ಹಿಂದಕ್ಕೆ ಹೋಗಬೇಕು.

ಕಾಳಗವಾದರೆ ನಡುವೆ ಕೈಹಾಕಲೇಬಾರದು. ಒಂದು ಮೊರವನ್ನೋ ಹಲಗೆಯನ್ನೋ ನಡುವೆ ಇಳಿಸುವುದು, ಅಥವಾ ಕಂಬಳಿಯನ್ನು ಮೇಲೆ ಹಾಕುವುದು ಸರಿಯಾದ ಉಪಾಯ. ಹೊಡೆಯುವುದರಿಂದ ಪ್ರಯೋಜನವಿಲ್ಲ, ಪೆಟ್ಟಿನ ನೋವನ್ನು ಬೆಕ್ಕು ಎದುರಿನ ಬೆಕ್ಕಿನೊಡನೆಯೇ ಸೇರಿಸಿ ನೆನೆಯುವುದು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಹುಚ್ಚುರೋಗವು ನಾಯಿಯಿಂದ ಮಾತ್ರ ಬರುವುದೆಂಬ ಭಾವನೆಯು ತಪ್ಪು, ಬೆಕ್ಕಿನಿಂದಲೂ ಬರುವುದು. ರೋಗವು ಕಾಣಿಸಿಕೊಂಡ ಮೇಲೆ ಬದುಕುವ ಆಶೆಯು ಇಲ್ಲವೆಂದೇ ಹೇಳಬೇಕು. ಕಚ್ಚಿದ ಕೂಡಲೇ ಚುಚ್ಚುಮದ್ದನ್ನು ಹಾಕಿಸಿಕೊಂಡರೆ ಅದನ್ನು ತಡೆಯಬಹುದು.

ರೋಗ ಮತ್ತು ವಿಷಗಳ ವಿಷಯದಲ್ಲಿ ಎಚ್ಚರಿಕೆ

ಬೇರೆ ಕೋಣೆಯಲ್ಲಿಡುವುದರಿಂದ ಇನ್ನೊಂದು ಲಾಭವೂ ಉಂಟು. ಹೊಸ ಬೆಕ್ಕು ತಂದಿರಬಹುದಾದ ಚಿಗಟ, ಕಿವಿಯ ಕಜ್ಜಿ, ಹುಳುಕಡ್ಡಿ, ಜಂತುಹುಳುಗಳು ಆ ದಿನಗಳಲ್ಲಿ ಬೆಳಕಿಗೆ ಬರುವುವು. ಹೊಸದನ್ನು ತಂದ ವಾರದಲ್ಲಿಯೇ ಪಶುವೈದ್ಯರಿಗೆ ತೋರಿಸಿ, ಜಂತಿನ ಔಷಧವನ್ನು ಕೊಡಿಸಿ, ಮೂರು ತಿಂಗಳು ತುಂಬಿದ ಮೇಲೆ ಹುಚ್ಚುರೋಗದ ಲಸಿಕೆಯನ್ನು ಹಾಕಿಸಬೇಕು. ಬೆಕ್ಕುಗಳಿಗೆ ವಾಂತಿಭೇದಿಯನ್ನುಂಟುಮಾಡಿ ಮರಿಗಳನ್ನು ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯ ಎಂಬ ಸಾಂಕ್ರಾಮಿಕಕ್ಕೂ ಲಸಿಕೆಯುಂಟು. ಅದರ ವಿಷಾಣುವು ಮನೆಯ ನೆಲ ಗೋಡೆಗಳಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲುದಾದ್ದರಿಂದ, ಹಿಂದಿನ ಮರಿಯು ಆ ರೋಗದಿಂದ ಸತ್ತ ಮನೆಗೆ ಲಸಿಕೆ ಹಾಕದ ಮರಿಯನ್ನು ತರಬಾರದು. ಗರ್ಭಿಣಿಯರು ಬೆಕ್ಕಿನ ಮಲದ ತಟ್ಟೆಯನ್ನು ಮುಟ್ಟದಿರುವುದು ಮೇಲು.

ಇಲಿಪಾಷಾಣವಿಡುವ ಮನೆಯಲ್ಲಿ ಬೆಕ್ಕಿರಬಾರದು. ಬೆಕ್ಕಿರುವ ಮನೆಯಲ್ಲಿ ಪಾಷಾಣವಿರಬಾರದು. ಜಿಂಕ್ ಫಾಸ್ಫೈಡ್ ಆಗಲಿ, ಬ್ರೊಮಾಡಯೊಲೋನ್ ಆಗಲಿ ತಿಂದು ತೂರಾಡುವ ಇಲಿಯೇ ಬೆಕ್ಕಿಗೆ ಮೊದಲು ಸಿಕ್ಕುವುದು. ನಾಯಿಯ ಉಣ್ಣೆಗಳಿಗೆ ಹಾಕುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಬಾರದು. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಎಂದಿಗೂ ನುಂಗಿಸಬಾರದು. ಇವೆರಡೂ ಬೆಕ್ಕಿಗೆ ಪ್ರಾಣಾಂತಕವಾದುವು.

ಗ್ರಾಮದ ಮುಖಂಡರು ಗಮನಿಸತಕ್ಕ ಅಂಶ

ಎಷ್ಟು ಪ್ರಯತ್ನಿಸಿದರೂ ಎರಡು ಬೆಕ್ಕುಗಳು ಕೂಡದೆ ಹೋಗುವ ಸಂದರ್ಭಗಳೂ ಉಂಟು. ಆಗ ಒಂದನ್ನು ಮನೆಯಲ್ಲಿಯೂ ಇನ್ನೊಂದನ್ನು ತೋಟದ ಮನೆಯಲ್ಲಿಯೋ ದೂರದ ಕೊಟ್ಟಿಗೆಯಲ್ಲಿಯೋ ಊಟವಿಟ್ಟು ಇರಿಸಬಹುದು. ಅಥವಾ ಇಲಿಯ ಕಾಟವಿರುವ ಮತ್ತೊಬ್ಬ ರೈತನಿಗೆ ಕೊಡಬಹುದು. ಬೇಡವಾದ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಊರಾಚೆಯ ಹಳ್ಳದ ಬಳಿ ಬಿಟ್ಟುಬರುವ ರೂಢಿಯನ್ನು ಮಾತ್ರ ಮುಖಂಡರು ತಪ್ಪಿಸಬೇಕು. ಸಾಕಿದ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ತೊರೆಯುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಅಲ್ಲದೆ ಹಾಗೆ ಬಿಟ್ಟ ಬೆಕ್ಕು ಮುಂದಿನ ಊರಿನವರ ಕೋಳಿಮರಿಗಳಿಗೂ ಹಾಲಿನ ಗಡಿಗೆಗಳಿಗೂ ಹಾನಿಯನ್ನುಂಟುಮಾಡಿ, ಎರಡು ಊರುಗಳ ನಡುವೆ ಮನಸ್ತಾಪಕ್ಕೆ ಕಾರಣವಾಗುವುದು. ಹತ್ತಿರದ ಪಶುವೈದ್ಯರೊಡನೆ ಮುಂಚಿತವಾಗಿ ಮಾತನಾಡಿ ಒಂದು ದಿನವನ್ನು ಗೊತ್ತುಮಾಡಿ, ಊರಿನ ಬೆಕ್ಕುಗಳಿಗೆಲ್ಲ ಲಸಿಕೆಯನ್ನೂ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದರೆ ಮನೆಮನೆಯ ತೊಂದರೆಯೂ ಒಟ್ಟಿಗೆ ತಗ್ಗುವುದು.

ಸುಗ್ಗಿಯು ಮುಗಿದು ಕಣಜವು ತುಂಬಿದ ಮೇಲೆ ಬೆಕ್ಕನ್ನು ಹುಡುಕುವುದಕ್ಕಿಂತ, ಸುಗ್ಗಿಗೆ ಎರಡು ತಿಂಗಳು ಮುಂಚಿತವಾಗಿಯೇ ತಂದು ಮೇಲೆ ಹೇಳಿದ ಕ್ರಮದಲ್ಲಿ ಸೇರಿಸುವುದು ಉತ್ತಮ. ಬರಿದಾದ ಕಣಜವನ್ನು ಗುಡಿಸಿ ಬಿಲಗಳನ್ನು ಮುಚ್ಚಲೂ ಅದೇ ತಕ್ಕ ಕಾಲ. ಹೀಗೆ ಮಾಡಿದವರ ಮನೆಯಲ್ಲಿ ಹೊಸ ರಾಗಿಯು ಒಳಗೆ ಬರುವ ವೇಳೆಗೆ ಕಾವಲುಗಾರರಿಬ್ಬರೂ ಒಂದೇ ಸೂರಿನಡಿಯಲ್ಲಿ ತಮ್ಮ ತಮ್ಮ ಸ್ಥಾನಗಳಲ್ಲಿ ನೆಲೆಗೊಂಡಿರುವರು.